ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿ?

ನಮ್ಮ ಅತ್ತೆಯವರ ಸೊಂಟದಲ್ಲಿ ಒಂದು ಬೀಗದ ಕೈ ಗೊಂಚಲು ಸದಾ ತೂಗುತ್ತಿತ್ತು. ಉಗ್ರಾಣದ್ದು, ಅಡಿಕೆ ಕೋಣೆಯದು, ಬೀರುವಿನದು, ಯಾವುದಕ್ಕೆಂದು ಅವರಿಗೂ ಮರೆತುಹೋಗಿದ್ದ ಇನ್ನೆರಡು. ಉಗ್ರಾಣದಿಂದ ಬೆಲ್ಲ ತರಬೇಕಾದರೆ ಗೊಂಚಲನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಒಂದು ಕೈಯನ್ನು ಉಗುರಿನಲ್ಲಿ ಬಿಡಿಸಿ ಕೊಡುತ್ತಿದ್ದರು, ಬೆಲ್ಲ ಅಡುಗೆಮನೆಗೆ ಬಂದೊಡನೆ ಕೈ ಚಾಚುತ್ತಿದ್ದರು. ಹೊಸ ಸೊಸೆಯಾಗಿದ್ದ ನನಗೆ ಮೈ ಉರಿಯುತ್ತಿತ್ತು. ಆಮೇಲೆ ಒಂದು ಕಾಲೇಜಿನ ಸರ್ವರ್ ಕೋಣೆಯಲ್ಲಿ 26 ವರ್ಷ ಕೆಲಸ ಮಾಡಿದೆ. ಈಗ ಅತ್ತೆಯವರಿಲ್ಲ, ಇದ್ದಿದ್ದರೆ ಕ್ಷಮೆ ಕೇಳುತ್ತಿದ್ದೆ.

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಲಿನಕ್ಸ್ ಸರ್ವಿಸ್‌ಗಳ, ಅಂದರೆ ತೆರೆಮರೆಯಲ್ಲಿ ತಾವಾಗಿಯೇ ಓಡುವ ಪ್ರೋಗ್ರಾಮುಗಳ, ಬಗ್ಗೆ ಮತ್ತು ಖಾತೆಗಳ ಅಧಿಕಾರದ ಬಗ್ಗೆ ಬಂದಿವೆ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕೆಂದು ಹೇಳುವ ಅಗತ್ಯವಿಲ್ಲ. ಆದರೂ ಹೋದ ಸಲ ಇಬ್ಬರು ಕೇಳಿದ್ದರಿಂದ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರ ಹಾಲಿನ ಡೇರಿಯಲ್ಲಿ ತೂಕದ ಯಂತ್ರದಿಂದ ಅಂಕಿ ಓದಿ ರೈತರ ಲೆಕ್ಕಕ್ಕೆ ಸೇರಿಸುವ ಪೈಥಾನ್ ಪ್ರೋಗ್ರಾಮನ್ನು ನನ್ನ ತಮ್ಮ ಬರೆದುಕೊಟ್ಟಿದ್ದಾನೆ. ಉಬುಂಟು ಎಂಬ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್. ಕರೆಂಟ್ ಹೋಗಿ ಬಂದರೆ ಯಾರಾದರೂ ಬಂದು ಪ್ರೋಗ್ರಾಮನ್ನು ಮತ್ತೆ ಓಡಿಸಬೇಕಿತ್ತು. ಅದಕ್ಕೆಂದು ತಮ್ಮ ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಬರೆದು ಅದನ್ನು ಸರ್ವಿಸ್ ಮಾಡಿದ. ಮೊದಲ ಸಲ ಚೆನ್ನಾಗಿ ಓಡಿತು. ಪ್ರೋಗ್ರಾಮಿನಲ್ಲಿ ಸಣ್ಣ ಬದಲಾವಣೆ ಮಾಡಿ ಎರಡನೇ ಸಲ ಓಡಿಸಿದರೆ ‘ಖಾತೆ ಈಗಾಗಲೇ ಇದೆ’ ಎಂದು ಅರ್ಧಕ್ಕೇ ನಿಲ್ಲುತ್ತದೆ. ಕೆಲವು ದಿನ ಕರೆಂಟ್ ಬಂದ ಮೇಲೂ ಸರ್ವಿಸ್ ಏಳುವುದಿಲ್ಲ. ಪಕ್ಕದ ಎರಡು ಊರಿನ ಡೇರಿಯವರೂ ಬೇಕೆನ್ನುತ್ತಿದ್ದಾರೆ. ಸ್ಕ್ರಿಪ್ಟ್ ಲಗತ್ತಿಸಿದ್ದೇನೆ. ಖಾತೆ ಮಾಡುವ ಆ ಸಾಲನ್ನು ತೆಗೆದುಬಿಟ್ಟರೆ ಸಾಕೇ?
— ಡೇರಿ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ತೆಗೆಯಬೇಡಿ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಮೊದಲೇ ತೆಗೆದುಬಿಡುತ್ತೀರೆಂದು ಹೆದರಿ ಸಂಪಾದಕರಿಂದ ನಿಮಗೆ ಫೋನ್ ಮಾಡಿಸಿದ್ದೇನೆ. ಕಾರಣವನ್ನು ಉಳಿದವರಿಗೂ ಹೇಳುತ್ತೇನೆ.

ನಿಮ್ಮ ತಮ್ಮನ ಸ್ಕ್ರಿಪ್ಟ್ 38 ಸಾಲಿನದು. ಎರಡನೇ ಸಾಲಿನಲ್ಲಿ ‘ಸೆಟ್ -ಇ’ ಇದೆ. ಯಾವ ಆಜ್ಞೆ ಸೋತರೂ ಅಲ್ಲೇ ನಿಂತುಬಿಡು ಎಂದು ಅದರ ಅರ್ಥ. ಒಳ್ಳೆಯ ಅಭ್ಯಾಸ. ನಾಲ್ಕನೇ ಸಾಲಿನಲ್ಲಿ ಪ್ರೋಗ್ರಾಮಿನ ಫೋಲ್ಡರಿನ ಹಾದಿಗೆ ಒಂದು ಹೆಸರು ಕೊಟ್ಟಿದ್ದಾರೆ. 12ನೇ ಸಾಲಿನಲ್ಲಿ ಖಾತೆ ಮಾಡುವ ಯೂಸರ್‌ಆ್ಯಡ್. 31ನೇ ಸಾಲಿನಲ್ಲಿ, ಪ್ರೋಗ್ರಾಮ್ ಮೊದಲೇ ಹಾಕಿದ್ದರೆ ಮಾತ್ರ, ಹಳೆಯ ಫೈಲುಗಳನ್ನು ಅಳಿಸು ಎಂದು ‘ಆರ್‌ಎಂ -ಆರ್‌ಎಫ್’ ಬರೆದು, ನಾಲ್ಕನೇ ಸಾಲಿನ ಆ ಹೆಸರು, ಒಂದು ಓರೆಗೆರೆ, ಒಂದು ನಕ್ಷತ್ರ ಹಾಕಿದ್ದಾರೆ. ನೋಡಲು ಸರಿಯಾಗಿಯೇ ಇದೆ. ಆದರೆ ನಾಲ್ಕನೇ ಸಾಲಿನಲ್ಲಿ ಆ ಹೆಸರಿಗೆ ಒಂದು ಕಾಗುಣಿತ, 31ರಲ್ಲಿ ಬೇರೆ ಕಾಗುಣಿತ. ಒಂದೇ ಒಂದು ಅಕ್ಷರದ ವ್ಯತ್ಯಾಸ.

ಹೆಸರು ತಪ್ಪಾದರೆ, ಆಜ್ಞೆಗಳನ್ನು ಓದಿ ಓಡಿಸುವ ಶೆಲ್ ಬೈಯುವುದಿಲ್ಲ. ಆ ಜಾಗದಲ್ಲಿ ಏನೂ ಇಲ್ಲವೆಂದು ತಿಳಿದು ಮುಂದೆ ಹೋಗುತ್ತದೆ. ಆಗ ಉಳಿಯುವುದು ಬರೀ ಓರೆಗೆರೆ ಮತ್ತು ನಕ್ಷತ್ರ, ಅಂದರೆ ಇಡೀ ಡಿಸ್ಕಿನಲ್ಲಿ ಇರುವುದೆಲ್ಲ. ಆರ್‌ಎಂಗೆ ಮೂಲ ಫೋಲ್ಡರನ್ನು ಅಳಿಸದಂತೆ ಒಂದು ರಕ್ಷಣೆ ಇದೆ, ನಿಜ. ಆದರೆ ನಕ್ಷತ್ರವನ್ನು ಶೆಲ್ ಮೊದಲೇ ಬಿಡಿಸಿ, ಒಳಗಿನ ಫೋಲ್ಡರುಗಳನ್ನು ಒಂದೊಂದಾಗಿ ಆರ್‌ಎಂ ಕೈಗೆ ಕೊಡುತ್ತದೆ. ಹಾಗಾಗಿ ಆ ರಕ್ಷಣೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲ ಸಲ ಪ್ರೋಗ್ರಾಮ್ ಇನ್ನೂ ಹಾಕಿರಲಿಲ್ಲವಾದ್ದರಿಂದ 31ನೇ ಸಾಲು ಓಡಲಿಲ್ಲ. ಎರಡನೇ ಸಲ 12ನೇ ಸಾಲಿನಲ್ಲೇ ‘ಖಾತೆ ಈಗಾಗಲೇ ಇದೆ’ ಎಂದು ನಿಂತಿತು. ನೀವು ಯಾವುದನ್ನು ಕಾಟವೆಂದು ಬರೆದಿದ್ದೀರೋ ಅದೇ ನಿಮ್ಮ ಊರಿನ ಹಾಲಿನ ಲೆಕ್ಕವನ್ನು ಇಲ್ಲಿಯವರೆಗೆ ಕಾಯ್ದಿದೆ. ಆ ಸಾಲನ್ನು ತೆಗೆದಿದ್ದರೆ ರೈತರ ಬಟವಾಡೆಯ ದಿನ ನಿಮ್ಮ ಗತಿ ಏನಾಗುತ್ತಿತ್ತೆಂದು ಊಹಿಸಿಕೊಂಡು ನನಗೇ ರಾತ್ರಿ ನಿದ್ದೆ ಬರಲಿಲ್ಲ.

ತಮ್ಮನನ್ನು ಬೈಯಬೇಡಿ. 2015ರಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನಲ್ಲಿ ಇದೇ ಬಗೆಯ ತಪ್ಪು ಬೆಳಕಿಗೆ ಬಂತು. ಹೆಸರು ಖಾಲಿಯಾಗಿ, ಬಳಕೆದಾರರ ಫೈಲುಗಳೆಲ್ಲ ಅಳಿಸಿಹೋದವು. ಆ ಸಾಲಿನ ಮೇಲೆ ಬರೆದವರೇ ‘ಭಯಂಕರ’ ಎಂಬರ್ಥದ ಒಂದು ಟಿಪ್ಪಣಿ ಹಾಕಿದ್ದರಂತೆ! ಭಯವೇನೋ ಇತ್ತು, ಬೇಲಿ ಇರಲಿಲ್ಲ. ಬೇಲಿ ಎಂದರೆ ಇಷ್ಟೇ. ‘ಸೆಟ್ -ಇ’ ಎಂಬುದನ್ನು ‘ಸೆಟ್ -ಇಯು’ ಮಾಡಿ. ಯು ಎಂದರೆ, ಬೆಲೆ ಕೊಡದ ಹೆಸರು ಕಂಡರೆ ನಿಲ್ಲು. ಅಳಿಸುವ ಸಾಲುಗಳಲ್ಲಿ ಹೆಸರನ್ನು ಪುಷ್ಪಾವರಣದಲ್ಲಿಟ್ಟು, ಅದರೊಳಗೆ ಹೆಸರಿನ ಕೊನೆಗೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಹೆಸರು ಖಾಲಿ ಇದ್ದರೂ ಆಜ್ಞೆ ಓಡುವುದಿಲ್ಲ. ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಹೆಸರಿನಲ್ಲಿ ಖಾಲಿ ಜಾಗ ನುಸುಳಿದರೂ ಒಡೆದು ಎರಡಾಗುವುದಿಲ್ಲ.

ಇನ್ನು ಎರಡನೇ ಸಲ ಓಡಿಸುವ ಮಾತು. ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಹತ್ತು ಸಲ ಓಡಿಸಿದರೂ ಕೊನೆಗೆ ಸ್ಥಿತಿ ಒಂದೇ ಆಗಿರಬೇಕು. ಮಾಡುವ ಮೊದಲು ಕೇಳುವುದು ಅದರ ಗುಟ್ಟು. ‘ಗೆಟ್‌ಎಂಟ್ ಪಾಸ್‌ವಡ್’ ಮುಂದೆ ಖಾತೆಯ ಹೆಸರು ಕೊಟ್ಟು ನೋಡಿ, ಇಲ್ಲದಿದ್ದರೆ ಮಾತ್ರ ಯೂಸರ್‌ಆ್ಯಡ್ ಓಡಿಸಿ. ಫೋಲ್ಡರ್ ಮಾಡಲು ‘ಎಂಕೆಡಿಐಆರ್ -ಪಿ’, ಅದು ಮೊದಲೇ ಇದ್ದರೆ ತಕರಾರು ಮಾಡುವುದಿಲ್ಲ. ಫೈಲುಗಳನ್ನು ಜಾಗಕ್ಕೆ ಹಾಕಲು ನಕಲು, ಆಮೇಲೆ ಒಡೆತನ, ಆಮೇಲೆ ಅನುಮತಿ ಎಂದು ಮೂರು ಸಾಲು ಬರೆದಿದ್ದೀರಿ. ‘ಇನ್‌ಸ್ಟಾಲ್’ ಎಂಬ ಹೆಸರಿನದೇ ಒಂದು ಹಳೆಯ ಆಜ್ಞೆ ಇದೆ, ಒಂದೇ ಏಟಿಗೆ ಮೂರನ್ನೂ ಮಾಡುತ್ತದೆ: -ಎಂ ಮುಂದೆ ಅನುಮತಿ, -ಒ ಮುಂದೆ ಒಡೆಯ, -ಜಿ ಮುಂದೆ ಗುಂಪು. ಇದು ಕಣ್ಣಿಗೇ ಬೀಳದೆ ಎಷ್ಟೋ ಜನ ನಿವೃತ್ತರಾಗಿದ್ದಾರೆ.

ಈಗ ನನಗೆ ನಿಜವಾಗಿ ತಲೆ ಕೆಡಿಸಿದ ವಿಷಯ. 12ನೇ ಸಾಲಿನಲ್ಲಿ ‘ಹಾಲು’ ಎಂಬ ಖಾತೆ ಮಾಡಿದ್ದೀರಿ. ಆದರೆ ಸರ್ವಿಸ್ ಫೈಲಿನಲ್ಲಿ ‘ಯೂಸರ್=’ ಎಂಬ ಸಾಲೇ ಇಲ್ಲ! ಆ ಸಾಲಿಲ್ಲದಿದ್ದರೆ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ರೂಟ್, ಅಂದರೆ ಎಲ್ಲ ಅಧಿಕಾರವೂ ಇರುವ ಯಜಮಾನ ಖಾತೆಯ, ಹೆಸರಿನಲ್ಲೇ ಓಡಿಸುತ್ತದೆ. ಕೆಲಸಕ್ಕೆ ಆಳನ್ನು ಕರೆದು, ಜಗುಲಿಯ ಮೇಲೆ ಕೂರಿಸಿ, ಯಜಮಾನರೇ ಸಗಣಿ ಬಾಚಿದ ಹಾಗಾಯಿತು. ರೂಟ್ ಏಕೆ ಬೇಕಾಯಿತೆಂದು ಊಹಿಸಬಲ್ಲೆ. ಸಾಮಾನ್ಯ ಖಾತೆಯಲ್ಲಿ ಓಡಿಸಿದಾಗ ತೂಕದ ಯಂತ್ರದ ಯುಎಸ್‌ಬಿ ಕೇಬಲ್ಲನ್ನು ಮುಟ್ಟಲು ಅನುಮತಿ ಇಲ್ಲವೆಂದು ಬಂದಿರುತ್ತದೆ. ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ಓಡಿಸುವ ಸುಡೊ ಹಾಕಿದೊಡನೆ ಓಡಿದೆ, ಅಲ್ಲಿಗೆ ಬಿಟ್ಟಿದ್ದೀರಿ. ಉಬುಂಟು, ಡೆಬಿಯನ್ ಎರಡರಲ್ಲೂ ಆ ಬಾಗಿಲಿನ ಬೀಗದ ಕೈ ‘ಡಯಲ್‌ಔಟ್’ ಎಂಬ ಗುಂಪಿನ ಬಳಿ ಇದೆ. ಫೋನ್ ತಂತಿಯಲ್ಲಿ ಮೋಡೆಮ್ ತಿರುಗಿಸುತ್ತಿದ್ದ ಕಾಲದ ಹೆಸರು, ಇವತ್ತು ಹಾಲು ತೂಗುತ್ತಿದೆ. ಸರ್ವಿಸ್ ಫೈಲಿನಲ್ಲಿ ‘ಯೂಸರ್=ಹಾಲು’ ಮತ್ತು ‘ಸಪ್ಲಿಮೆಂಟರಿಗ್ರೂಪ್ಸ್=ಡಯಲ್‌ಔಟ್’ ಎಂಬ ಎರಡು ಸಾಲು ಸೇರಿಸಿದರೆ ರೂಟ್ ಬೇಕಾಗುವುದಿಲ್ಲ.

ಖಾತೆಯನ್ನು ‘--ಸಿಸ್ಟಮ್’ ಎಂದು ಹೇಳಿ ಮಾಡಿ. ಲಾಗಿನ್ ಶೆಲ್ ‘ನೋಲಾಗಿನ್’ ಆಗಿರಲಿ, ಯಾರೂ ಆ ಹೆಸರಿನಲ್ಲಿ ಬಂದು ಕೂರುವುದು ಬೇಡ. ಪ್ರೋಗ್ರಾಮಿನ ಫೈಲಿಗೆ ರೂಟ್ ಒಡೆಯನಾಗಿರಲಿ, ಹಾಲು ಖಾತೆ ಅದನ್ನು ಓದಿ ಓಡಿಸಿದರೆ ಸಾಕು, ತಿದ್ದುವಂತಿರಬಾರದು. ಲೆಕ್ಕ ಬರೆಯಲು ‘ಸ್ಟೇಟ್‌ಡೈರೆಕ್ಟರಿ=ಹಾಲು’ ಎಂದು ಹಾಕಿದರೆ /ವಾರ್/ಲಿಬ್ ಒಳಗೆ ಆ ಹೆಸರಿನ ಫೋಲ್ಡರನ್ನು ಸಿಸ್ಟಮ್‌ಡಿಯೇ ಮಾಡಿ, ಒಡೆತನವನ್ನೂ ಸರಿಪಡಿಸುತ್ತದೆ. ನಿಮ್ಮ ಸ್ಕ್ರಿಪ್ಟಿನ ಐದು ಸಾಲು ಅಲ್ಲಿಗೆ ಉಳಿಯಿತು. ಜೊತೆಗೆ ‘ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್’ ಎಂದರೆ ಉಳಿದ ಡಿಸ್ಕನ್ನು ಅದು ಓದಬಹುದು, ಬರೆಯಲಾಗದು.

ಕರೆಂಟ್ ಬಂದ ಮೇಲೂ ಏಳದಿರುವುದಕ್ಕೆ ಕಾರಣ ಬೇರೆ. ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಹಾಕಿದ್ದೀರಿ, ಸರಿ. ಕಂಪ್ಯೂಟರ್ ಎದ್ದಾಗ ತೂಕದ ಯಂತ್ರವನ್ನು ಇನ್ನೂ ಯಾರೂ ಆನ್ ಮಾಡಿರುವುದಿಲ್ಲ. ಪ್ರೋಗ್ರಾಮ್ ಯಂತ್ರವನ್ನು ಹುಡುಕಿ, ಸಿಗದೆ ಸಾಯುತ್ತದೆ. ಬೇರೆ ಏನೂ ಹೇಳದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿಗೆ ಮತ್ತೆ ಎಬ್ಬಿಸುತ್ತದೆ. ಮತ್ತೆ ಸಾಯುತ್ತದೆ. 10 ಸೆಕೆಂಡಿನೊಳಗೆ 5 ಸಲ ಹೀಗಾದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ, ಆಮೇಲೆ ಯಂತ್ರ ಬಂದರೂ ತಿರುಗಿ ನೋಡುವುದಿಲ್ಲ. ‘ರೀಸ್ಟಾರ್ಟ್‌ಸೆಕ್=5’ ಎಂದು ಒಂದು ಸಾಲು ಹಾಕಿ. ಐದು ಸೆಕೆಂಡಿಗೊಮ್ಮೆ ಬಾಗಿಲು ತಟ್ಟುವವನು 10 ಸೆಕೆಂಡಿನಲ್ಲಿ ಐದು ಸಲ ತಟ್ಟಲಾರ, ಆದ್ದರಿಂದ ಕೈಚೆಲ್ಲುವ ಪ್ರಶ್ನೆಯೂ ಬರುವುದಿಲ್ಲ. ಹುಡುಗ ಬಂದು ತೂಕದ ಸ್ವಿಚ್ ಒತ್ತುವ ತನಕ ಕಾಯುತ್ತದೆ.

ಸಣ್ಣವು ಇನ್ನೆರಡು. ತೂಕದ ಯಂತ್ರವನ್ನು ‘ಟಿಟಿವೈಯುಎಸ್‌ಬಿ0’ ಎಂಬ ಹೆಸರಿನಲ್ಲಿ ಹುಡುಕುತ್ತಿದ್ದೀರಿ. ನಾಳೆ ಫ್ಯಾಟ್ ನೋಡುವ ಯಂತ್ರವನ್ನೂ ಜೋಡಿಸಿದರೆ ಯಾವುದು ಸೊನ್ನೆ, ಯಾವುದು ಒಂದು ಎಂಬುದು ಯಾವುದು ಮೊದಲು ಎದ್ದಿತೆಂಬುದರ ಮೇಲೆ ಹೋಗುತ್ತದೆ, ಫ್ಯಾಟಿನ ಅಂಕಿ ಲೀಟರಿನ ಕಲಮಿಗೆ ಬರುತ್ತದೆ. /ಡೆವ್/ಸೀರಿಯಲ್/ಬೈ-ಐಡಿ ಒಳಗೆ ಅದೇ ಯಂತ್ರಕ್ಕೆ ಬದಲಾಗದ ಹೆಸರಿದೆ, ಅದನ್ನು ಬಳಸಿ. ಇನ್ನೊಂದು, ಸರ್ವಿಸಿನ ದಾಖಲೆ ತೋರಿಸುವ ‘ಜರ್ನಲ್‌ಸಿಟಿಎಲ್ -ಯು’ ನೋಡಿದರೆ ಏನೂ ಕಾಣುವುದಿಲ್ಲ ಎಂದಿದ್ದೀರಿ. ಪೈಥಾನ್ ತನ್ನ ಮಾತನ್ನು ಕೂಡಿಟ್ಟುಕೊಂಡು ಒಟ್ಟಿಗೆ ಹೇಳುವ ಸ್ವಭಾವದ್ದು. ‘ಎನ್ವಿರಾನ್‌ಮೆಂಟ್=ಪೈಥಾನ್‌ಅನ್‌ಬಫರ್ಡ್=1’ ಎಂದು ಹಾಕಿದರೆ ಆಗಿಂದಾಗಲೇ ಹೇಳುತ್ತದೆ.

ಸ್ಕ್ರಿಪ್ಟಿನ ಕೊನೆಗೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’, ‘ಎನೇಬಲ್’, ‘ರೀಸ್ಟಾರ್ಟ್’, ಈ ಕ್ರಮದಲ್ಲಿ ಇರಲಿ. ಡೀಮನ್-ರೀಲೋಡ್ ಎಂದರೆ ತಿದ್ದಿದ ಸರ್ವಿಸ್ ಫೈಲನ್ನು ಮತ್ತೆ ಓದು. ಎನೇಬಲ್ ಎಂದರೆ ನಾಳೆ ಕಂಪ್ಯೂಟರ್ ಎದ್ದಾಗ ಓಡು ಎಂದಷ್ಟೇ, ಈಗ ಓಡು ಎಂದಲ್ಲ. ನೀವು ಹಾಕಿರುವ ‘ಎನೇಬಲ್ --ನೌ’ ಮೊದಲ ಸಲಕ್ಕೆ ಸಾಕು. ಆದರೆ ಸರ್ವಿಸ್ ಆಗಲೇ ಓಡುತ್ತಿದ್ದರೆ ಅದು ಸುಮ್ಮನಿರುತ್ತದೆ, ಹಳೆಯ ಪ್ರೋಗ್ರಾಮೇ ಓಡುತ್ತಿರುತ್ತದೆ. ತಿದ್ದಿದ ಪ್ರೋಗ್ರಾಮ್ ಏಕೆ ತಿದ್ದಿದಂತೆ ಕಾಣುತ್ತಿಲ್ಲವೆಂದು ನಾನು ಒಮ್ಮೆ ಇಡೀ ಮಧ್ಯಾಹ್ನ ಹುಡುಕಿದ್ದು ಇದೇ ಕಾರಣಕ್ಕೆ.

ಪ್ರಶ್ನೆ: ಡಯಲ್‌ಔಟ್ ಗುಂಪಿಗೆ ನನ್ನನ್ನು ಸೇರಿಸಿಕೊಳ್ಳಲು ‘ಯೂಸರ್‌ಮಾಡ್ -ಜಿ’, ದೊಡ್ಡ ಜಿ, ಬಳಸಿದೆ. ಮರುದಿನದಿಂದ ಸುಡೊ ನನ್ನನ್ನು ಒಳಗೆ ಬಿಡುತ್ತಿಲ್ಲ. ರೂಟ್ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಮತ್ತೆ ಉಬುಂಟು ಹಾಕಬೇಕೆ?
— ಶಾಲಾ ಶಿಕ್ಷಕರು, ಬೀದರ್

ಉತ್ತರ: ಬೇಡ. ಸಮಾಧಾನಕ್ಕೆ ಹೇಳುತ್ತೇನೆ, ನಾನೂ ಇದನ್ನೇ ಮಾಡಿದ್ದೇನೆ. ಆಂತರಿಕ ಪರೀಕ್ಷೆಯ ಅಂಕಗಳನ್ನು ಏರಿಸುವ ಕೊನೆಯ ದಿನ, ಸಂಜೆ ಐದೂಮುಕ್ಕಾಲು. ಹೊಸ ಗುಂಪಿಗೆ ನನ್ನನ್ನು ಸೇರಿಸಿಕೊಂಡು, ಲಾಗೌಟ್ ಆಗಿ, ಚಹಾ ಕುಡಿದು ಬಂದೆ. ಸುಡೊ ಕೇಳಿದರೆ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದಿತು. ವರದಿ ಬರುವುದು ನನಗೇ. ಓದುವ ಅನುಮತಿ ಮಾತ್ರ ನನಗಿರಲಿಲ್ಲ.

ಬರೀ ದೊಡ್ಡ ಜಿ ಎಂದರೆ ‘ಇವರ ಗುಂಪುಗಳು ಇಷ್ಟೇ’ ಎಂದರ್ಥ. ಪಟ್ಟಿಯಲ್ಲಿ ಹೇಳದ ಗುಂಪುಗಳಿಂದೆಲ್ಲ ಹೆಸರು ಹೋಗುತ್ತದೆ, ಸುಡೊ ಗುಂಪೂ ಸೇರಿ. ಜಿಗಿಂತ ಮೊದಲು ಚಿಕ್ಕ ಎ ಸೇರಿಸಿ ‘-ಎಜಿ’ ಎಂದರೆ ಮಾತ್ರ ‘ಇದನ್ನೂ ಸೇರಿಸು’. ಒಂದು ಅಕ್ಷರಕ್ಕೆ ಇಷ್ಟು ಬೆಲೆ ಇಡಬಾರದಿತ್ತೆಂದು ನನಗೆ ಇಂದಿಗೂ ಸಿಟ್ಟಿದೆ.

ನಿಮ್ಮ ಉಬುಂಟುವಿನಲ್ಲಿ ರೂಟ್ ಪಾಸ್‌ವರ್ಡ್ ನಿಮಗೆ ಗೊತ್ತಿಲ್ಲದಿರುವುದು ನಿಮ್ಮ ತಪ್ಪಲ್ಲ, ಅದು ಮೊದಲಿನಿಂದಲೇ ಬೀಗ ಹಾಕಿಕೊಂಡೇ ಬರುತ್ತದೆ. ಕಂಪ್ಯೂಟರ್ ಏಳುವಾಗ ಗ್ರಬ್ ಪಟ್ಟಿಯಲ್ಲಿ ರಿಕವರಿ ಮೋಡ್ ಆರಿಸಿ, ಅದರೊಳಗೆ ರೂಟ್ ಎಂಬುದನ್ನು ಆರಿಸಿ. ಡಿಸ್ಕ್ ಓದಲು ಮಾತ್ರ ತೆರೆದಿದ್ದರೆ ‘ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /’ ಎಂದು ಬರೆಯಲೂ ತೆರೆಯಿರಿ. ಆಮೇಲೆ ‘ಯೂಸರ್‌ಮಾಡ್ -ಎಜಿ ಸುಡೊ’ ಮುಂದೆ ನಿಮ್ಮ ಖಾತೆಯ ಹೆಸರು. ಡಯಲ್‌ಔಟ್ ಆಗಲೇ ಸೇರಿಕೊಂಡಿದೆ. ಮುಂದಿನ ಸಲ ಇಂಥ ಕೆಲಸಕ್ಕೆ ಕೈ ಹಾಕುವಾಗ ಒಂದು ಟರ್ಮಿನಲ್ಲಿನಲ್ಲಿ ರೂಟ್ ಶೆಲ್ ಕೊಡುವ ‘ಸುಡೊ -ಐ’ ತೆರೆದಿಟ್ಟು, ಇನ್ನೊಂದರಲ್ಲಿ ಹೊಸದಾಗಿ ಲಾಗಿನ್ ಆಗಿ, ನಿಮ್ಮ ಗುಂಪುಗಳನ್ನು ತೋರಿಸುವ ‘ಐಡಿ’ ನೋಡಿ. ಎಲ್ಲ ಸರಿ ಇದೆಯೆಂದು ಖಚಿತವಾಗುವ ತನಕ ಮೊದಲ ಕಿಟಕಿ ಮುಚ್ಚಬೇಡಿ.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬ್ ಸರ್ವರಿನಲ್ಲಿ ಜಾಲತಾಣ ನಡೆಸುವ ಅಪಾಚೆ ಆಗಾಗ ಸಿಕ್ಕಿಕೊಳ್ಳುತ್ತದೆ. ನಾನು ತರಗತಿಯಲ್ಲಿದ್ದಾಗ ವಿದ್ಯಾರ್ಥಿ ಸಹಾಯಕರು ಅದನ್ನು ರೀಸ್ಟಾರ್ಟ್ ಮಾಡಲೆಂದು ಅವರಿಗೆ ಪೂರ್ತಿ ಸುಡೊ ಕೊಟ್ಟೆ. ಒಬ್ಬ ಮಹಾನುಭಾವ ಎಲ್ಲರ ಪಾಸ್‌ವರ್ಡ್ ಬದಲಿಸಿದ. ಈಗ /ಹೋಮ್/ಲ್ಯಾಬ್ ಒಳಗೆ ಒಂದು ರೀಸ್ಟಾರ್ಟ್ ಸ್ಕ್ರಿಪ್ಟ್ ಇಟ್ಟು ಅದನ್ನು ಮಾತ್ರ ಪಾಸ್‌ವರ್ಡ್ ಇಲ್ಲದೆ ಸುಡೊ ಮಾಡಲು ಬಿಟ್ಟಿದ್ದೇನೆ. ಸುರಕ್ಷಿತವೇ?
— ಉಪನ್ಯಾಸಕರು, ಧಾರವಾಡ

ಉತ್ತರ: ಆ ಫೋಲ್ಡರ್ ಯಾರದು? ಲ್ಯಾಬ್ ಖಾತೆಯದು. ಅಂದರೆ ಹುಡುಗರು ಆ ಸ್ಕ್ರಿಪ್ಟನ್ನು ತಿದ್ದಿ, ಶೆಲ್ ತೆರೆಯುವ ‘ಬ್ಯಾಷ್’ ಎಂಬ ಒಂದು ಪದ ಬರೆದರೆ ಮತ್ತೆ ಪೂರ್ತಿ ರೂಟ್, ಈ ಸಲ ಪಾಸ್‌ವರ್ಡನ್ನೂ ಕೇಳದೆ. ಫೈಲಿನ ಒಡೆತನವನ್ನು ರೂಟಿಗೆ ಬದಲಿಸಿದೆ ಎನ್ನುತ್ತೀರಿ. ಸಾಲದು. ಫೋಲ್ಡರ್ ಅವರದಾದರೆ ನಿಮ್ಮ ಫೈಲಿನ ಹೆಸರು ಬದಲಿಸಿ, ಅದೇ ಹೆಸರಿನಲ್ಲಿ ತಮ್ಮದೊಂದನ್ನು ಇಡಬಹುದು. ಸ್ಕ್ರಿಪ್ಟ್ ಬೇಕೇ ಬೇಕೆಂದರೆ /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಒಳಗಿರಲಿ, ಅಲ್ಲಿಯ ಫೋಲ್ಡರೂ ರೂಟಿನದೇ.

ನಿಮ್ಮ ಕೆಲಸಕ್ಕೆ ಸ್ಕ್ರಿಪ್ಟೇ ಬೇಡ. /ಇಟಿಸಿ/ಸುಡೋಯರ್ಸ್.ಡಿ ಒಳಗೆ ಒಂದು ಫೈಲ್, ಅದರಲ್ಲಿ ಒಂದೇ ಸಾಲು: %ಲ್ಯಾಬ್ ಆಲ್=(ರೂಟ್) /ಯುಎಸ್‌ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಪಾಚೆ2.ಸರ್ವಿಸ್. ಫೈಲಿನ ಹೆಸರಿನಲ್ಲಿ ಚುಕ್ಕೆ ಬೇಡ. ಚುಕ್ಕೆ ಇರುವ ಹೆಸರುಗಳನ್ನು ಸುಡೊ ಓದುವುದೇ ಇಲ್ಲ, ಹೇಳುವುದೂ ಇಲ್ಲ. ನನ್ನ ಬಳಿ ಬರುವ ‘ಬರೆದಿದ್ದೇನೆ, ಆದರೆ ಕೆಲಸ ಮಾಡುತ್ತಿಲ್ಲ’ ಎಂಬ ಪತ್ರಗಳಲ್ಲಿ ಎಷ್ಟೋ ಈ ಚುಕ್ಕೆಯವೇ. ಅನುಮತಿ 0440. ನೇರವಾಗಿ ಎಡಿಟರ್ ತೆರೆದು ಬರೆಯಬೇಡಿ, ‘ವಿಸುಡೊ -ಎಫ್’ ಮೂಲಕ ಬರೆಯಿರಿ. ವ್ಯಾಕರಣ ತಪ್ಪಿದ್ದರೆ ಅದು ಹಿಡಿಯುತ್ತದೆ. ಸ್ಕ್ರಿಪ್ಟಿನಿಂದ ಹಾಕುವುದಾದರೆ ಮೊದಲು ತಾತ್ಕಾಲಿಕ ಫೈಲಿನಲ್ಲಿ ಬರೆದು, ‘ವಿಸುಡೊ -ಸಿಎಫ್’ ಒಪ್ಪಿದ ಮೇಲಷ್ಟೇ ಜಾಗಕ್ಕೆ ಸೇರಿಸಿ.

ರೀಸ್ಟಾರ್ಟ್ ಮುಂದೆ ಸೋಮಾರಿತನಕ್ಕೆ ನಕ್ಷತ್ರ ಹಾಕಬೇಡಿ. ಸುಡೊ ನಿಯಮದ ನಕ್ಷತ್ರ ಖಾಲಿ ಜಾಗವನ್ನೂ ನುಂಗುತ್ತದೆ. ಲಾಗ್ ಫೈಲ್ ಓದಲೆಂದು ‘ಕ್ಯಾಟ್ /ವಾರ್/ಲಾಗ್/ಮೆಸೇಜಸ್*’ ಎಂದು ಕೊಟ್ಟರೆ, ಅದೇ ಸಾಲಿನ ಮುಂದೆ ಒಂದು ಖಾಲಿ ಜಾಗ ಬಿಟ್ಟು /ಇಟಿಸಿ/ಶ್ಯಾಡೊ ಎಂದೂ ಸೇರಿಸಿ ಎಲ್ಲರ ಪಾಸ್‌ವರ್ಡ್ ಗುರುತುಗಳನ್ನು ಓದಬಹುದು.

ಸ್ಟೇಟಸ್ ನೋಡಲೂ ಸುಡೊ ಕೊಡುವ ಆಲೋಚನೆ ಬಂದಿದ್ದರೆ ಬಿಡಿ. ಸ್ಟೇಟಸ್ ನೋಡಲು ರೂಟ್ ಬೇಕಿಲ್ಲ. ಅಲ್ಲದೆ ಅದು ಉದ್ದವಾದ ಉತ್ತರವನ್ನು, ಪುಟ ಪುಟವಾಗಿ ಓದಿಸುವ ‘ಲೆಸ್’ ಒಳಗೆ ತೋರಿಸುತ್ತದೆ. ಲೆಸ್ ಒಳಗೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ‘ಎಸ್‌ಎಚ್’ ಎಂದರೆ ಶೆಲ್ ತೆರೆಯುತ್ತದೆ. ಲೆಸ್ ರೂಟಿನದಾದರೆ ಶೆಲ್ಲೂ ರೂಟಿನದೇ. ಸಿಸ್ಟಮ್‌ಡಿಯ 247ನೇ ಆವೃತ್ತಿಗಿಂತ ಹಿಂದಿನವುಗಳಲ್ಲಿ ಈ ಕಿಂಡಿ ತೆರೆದೇ ಇತ್ತು, 2023ರಲ್ಲಿ ಅದಕ್ಕೆ ಅಧಿಕೃತ ದೋಷ ಸಂಖ್ಯೆಯೂ ಸಿಕ್ಕಿತು. ವಿಮ್ ಎಡಿಟರಿಗೆ ಸುಡೊ ಕೊಟ್ಟರೂ ಇದೇ ಕಥೆ.

ಒಂದು ಮಾತು ಸುಡೊ ಪರವಾಗಿಯೂ. 1980ರ ಸುಮಾರಿನಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಇಬ್ಬರು ಇದನ್ನು ಬರೆದದ್ದೇ ಪೂರ್ತಿ ಗೊಂಚಲು ಕೊಡದಿರುವುದಕ್ಕೆ. 1994ರಿಂದ ಟಾಡ್ ಮಿಲ್ಲರ್ ಎಂಬವರು ನೋಡಿಕೊಳ್ಳುತ್ತಿದ್ದಾರೆ. ಅಂಥದ್ದರಲ್ಲೂ 2011ರಲ್ಲಿ ನುಸುಳಿದ ಒಂದು ತಪ್ಪು 2021ರ ಜನವರಿಯ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುಡೊ ಪಟ್ಟಿಯಲ್ಲಿ ಹೆಸರೇ ಇಲ್ಲದವನೂ ಅದರಿಂದ ರೂಟ್ ಆಗಬಹುದಿತ್ತು. ನಿಮ್ಮ ಲ್ಯಾಬ್ ಸರ್ವರನ್ನು 2019ರ ನಂತರ ಅಪ್‌ಡೇಟ್ ಮಾಡಿಲ್ಲವೆಂದು ಪತ್ರದ ಕೊನೆಗೆ ಬರೆದಿದ್ದೀರಿ. ನನ್ನ ಉತ್ತರವನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ಮಾಡಿ. ನಮ್ಮಲ್ಲಿ ಸುಡು ಎಂದರೆ ಬೇರೆ ಅರ್ಥ, ಅದನ್ನು ನಿಜ ಮಾಡಬೇಡಿ.

ಪ್ರಶ್ನೆ: ಆಂಟಿ, ಎಷ್ಟೋ ತಂತ್ರಾಂಶಗಳ ಜಾಲತಾಣದಲ್ಲಿ, ಜಾಲದಿಂದ ಇಳಿಸುವ ‘ಕರ್ಲ್’ ಮುಂದೆ ವಿಳಾಸ, ಆಮೇಲೆ ‘ಸುಡೊ ಬ್ಯಾಷ್’ ಎಂದು ಒಂದೇ ಸಾಲು ಕೊಟ್ಟಿರುತ್ತಾರೆ. ಅಂಟಿಸಿ ಎಂಟರ್ ಒತ್ತಬಹುದೇ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಒತ್ತಬೇಡಮ್ಮ. ಮೊದಲು ಫೈಲಾಗಿ ಇಳಿಸಿಕೊಂಡು ಓದು. ಪೂರ್ತಿ ಅರ್ಥವಾಗದಿದ್ದರೂ ಅಳಿಸುವ ಆರ್‌ಎಂ, ಒಡೆತನ ಬದಲಿಸುವ ಚೋನ್, ಸುಡೊ ನಿಯಮಗಳ ಸುಡೋಯರ್ಸ್ ಎಂಬ ಪದಗಳನ್ನು ಹುಡುಕಿ ಆ ಸಾಲುಗಳನ್ನಾದರೂ ನೋಡು. ಕಳ್ಳರ ಭಯ ಒಂದು ಕಡೆ, ಒಳ್ಳೆಯವರ ಕೈತಪ್ಪು ಇನ್ನೊಂದು ಕಡೆ. 2011ರಲ್ಲಿ ಬಂಬಲ್‌ಬೀ ಎಂಬ ಗ್ರಾಫಿಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದು ಹಾದಿಯ ನಡುವೆ, ಯುಎಸ್‌ಆರ್ ಎಂಬುದು ಮುಗಿದೊಡನೆ, ಒಂದೇ ಒಂದು ಖಾಲಿ ಜಾಗ ಉಳಿದುಬಿಟ್ಟಿತ್ತು. ಅಳಿಸಬೇಕಿದ್ದದ್ದು ಒಳಗಿನ ಒಂದು ಚಿಕ್ಕ ಭಾಗ, ಅಳಿಸಿದ್ದು ಇಡೀ /ಯುಎಸ್‌ಆರ್. ನಂಬಿ ಓಡಿಸಿದವರ ಯಂತ್ರದಲ್ಲಿ ತಂತ್ರಾಂಶಗಳೇ ಉಳಿಯಲಿಲ್ಲ.

ನೀನೇ ಇಂಥ ಸ್ಕ್ರಿಪ್ಟ್ ಬರೆಯುವ ದಿನ ಬಂದಾಗ ಒಂದು ನೆನಪಿಟ್ಟುಕೋ. ಹೀಗೆ ಪೈಪಿನಲ್ಲಿ, ಅಂದರೆ ಇಳಿಯುತ್ತಿರುವಾಗಲೇ ಬ್ಯಾಷ್ ಕೈಗೆ, ಬರುವ ಸ್ಕ್ರಿಪ್ಟನ್ನು ಶೆಲ್ ಬಂದಷ್ಟು ಓಡಿಸುತ್ತಾ ಹೋಗುತ್ತದೆ. ನಡುವೆ ನೆಟ್ ಕಡಿದರೆ ಅರ್ಧ ಸಾಲೂ ಓಡಿಬಿಡುತ್ತದೆ. ಎಲ್ಲವನ್ನೂ ‘ಮೇನ್’ ಎಂಬ ಒಂದು ಫಂಕ್ಷನ್ನಿನೊಳಗಿಟ್ಟು, ಅದನ್ನು ಕಟ್ಟಕಡೆಯ ಸಾಲಿನಲ್ಲಿ ಕರೆ. ಕೊನೆಯ ಸಾಲು ತಲುಪದಿದ್ದರೆ ಏನೂ ಓಡುವುದಿಲ್ಲ.

ಪ್ರಶ್ನೆ: ‘ಚ್‌ಮಾಡ್ 777’ ಹಾಕಿ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟರೆ ಎಲ್ಲ ಸಮಸ್ಯೆ ಪರಿಹಾರವಾಗುತ್ತದಲ್ಲ?
— ಹೆಸರು ಬೇಡ, ಮೈಸೂರು

ಉತ್ತರ: ಬಾಗಿಲನ್ನು ಕಿತ್ತು ಸೌದೆ ಮಾಡಿದರೆ ಬೀಗದ ಸಮಸ್ಯೆಯೂ ಪರಿಹಾರವಾಗುತ್ತದೆ. ಹೆಸರು ಬೇಡವೆಂದದ್ದು ಒಳ್ಳೆಯದಾಯಿತು.

ಪ್ರಶ್ನೆ: ನಮ್ಮದು ವಿಂಡೋಸ್ ಸರ್ವರ್. ರಾತ್ರಿ ಬ್ಯಾಕಪ್ ತೆಗೆಯುವ ಸರ್ವಿಸನ್ನು ನನ್ನ ಸ್ವಂತ ಖಾತೆಯಲ್ಲಿ ಓಡಿಸುತ್ತಿದ್ದೇನೆ. ಮೂರು ತಿಂಗಳಿಗೊಮ್ಮೆ ತಾನಾಗಿಯೇ ನಿಂತುಹೋಗುತ್ತದೆ. ಏಕೆ?
— ಲೆಕ್ಕಪತ್ರ ವಿಭಾಗ, ಮಸ್ಕತ್

ಉತ್ತರ: ಮೂರು ತಿಂಗಳಿಗೊಮ್ಮೆ ನಿಮ್ಮ ಕಚೇರಿಯಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕೆಂಬ ನಿಯಮ ಇರಬೇಕು. ನೀವು ಬದಲಿಸುತ್ತೀರಿ, ಸರ್ವಿಸ್ ಹಳೆಯದನ್ನೇ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ. ಸಿಟ್ಟಿಗೆ ಲೋಕಲ್‌ಸಿಸ್ಟಮ್ ಖಾತೆಗೆ ಬದಲಿಸಬೇಡಿ, ಅದು ಆ ಯಂತ್ರದ ಮಟ್ಟಿಗೆ ಸರ್ವಾಧಿಕಾರಿ. ವಿಂಡೋಸ್ 7ರ ಕಾಲದಿಂದಲೂ ಪ್ರತಿ ಸರ್ವಿಸ್‌ಗೂ ಅದರದೇ ಹೆಸರಿನ ಒಂದು ವರ್ಚುವಲ್ ಖಾತೆ ಸಿಗುತ್ತದೆ, ‘ಎನ್‌ಟಿ ಸರ್ವಿಸ್’ ಎಂದು ಶುರುವಾಗುತ್ತದೆ. ಅದಕ್ಕೆ ಪಾಸ್‌ವರ್ಡ್ ನೆನಪಿಡುವ ಗೋಜಿಲ್ಲ. ಬ್ಯಾಕಪ್ ಫೋಲ್ಡರಿಗೆ ಬರೆಯುವ ಅನುಮತಿಯನ್ನು ಆ ಹೆಸರಿಗೆ ಕೊಡಿ.

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟ. ಭದ್ರತೆಗೆಂದು ಅವನ ಖಾತೆಯನ್ನು ‘ಯೂಸರ್‌ಡೆಲ್’ ಮಾಡಿದೆ. ಸೋಮವಾರ ಕಂಪ್ಯೂಟರ್ ಆನ್ ಮಾಡಿದರೆ ಬಿಲ್ಲಿಂಗ್ ಸರ್ವಿಸ್ ಓಡುತ್ತಿಲ್ಲ. ‘217/ಯೂಸರ್’ ಎಂದು ಏನೋ ಬರುತ್ತದೆ. ಹುಡುಗ ಏನಾದರೂ ಮಾಟ ಮಾಡಿ ಹೋಗಿದ್ದಾನೆಯೇ?
— ಮುದ್ರಣಾಲಯದ ಮಾಲೀಕರು, ಶಿವಮೊಗ್ಗ

ಉತ್ತರ: ಪಾಪ, ಅವನೇನೂ ಮಾಡಿಲ್ಲ. ಬಿಲ್ಲಿಂಗ್ ಸರ್ವಿಸನ್ನು ಅವನು ತನ್ನ ಹೆಸರಿನಲ್ಲೇ ಓಡಿಸಿದ್ದ, ನೀವು ಆ ಹೆಸರನ್ನೇ ಅಳಿಸಿದಿರಿ. 217 ಎಂದರೆ ‘ಯೂಸರ್= ಸಾಲಿನಲ್ಲಿ ಹೇಳಿದ ಖಾತೆ ನನಗೆ ಸಿಗುತ್ತಿಲ್ಲ’ ಎಂದು ಸಿಸ್ಟಮ್‌ಡಿ ಹೇಳುತ್ತಿದೆ. ಅವನ ಹೆಸರಿನಲ್ಲಿ ಮತ್ತೆ ಖಾತೆ ತೆರೆಯಬೇಡಿ.

ಕೆಲಸ ಬಿಟ್ಟವರ ಖಾತೆಯನ್ನು ಅವತ್ತೇ ಅಳಿಸಬಾರದು, ಮುಚ್ಚಬೇಕು. ‘ಯೂಸರ್‌ಮಾಡ್ -ಎಲ್’ ಪಾಸ್‌ವರ್ಡಿಗಷ್ಟೇ ಬೀಗ ಹಾಕುತ್ತದೆ. ಎಸ್‌ಎಸ್‌ಎಚ್ ಕೀಲಿ ಇಟ್ಟುಕೊಂಡವನು ಮನೆಯಿಂದಲೇ ಒಳಗೆ ಬರಬಹುದು. ‘ಚೇಜ್ -ಇ 0’, ದೊಡ್ಡ ಇ, ಖಾತೆಯ ಅವಧಿಯನ್ನೇ ಮುಗಿಸುತ್ತದೆ. ಆಮೇಲೆ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿಯಾದ ಅವನ ಕ್ರಾನ್‌ಟ್ಯಾಬ್, ಅವನ ಹೆಸರಿನ ಸರ್ವಿಸ್‌ಗಳು, ಅವನ ಫೈಲುಗಳು ಯಾವುವೆಂದು ಒಂದು ತಿಂಗಳು ನಿಧಾನವಾಗಿ ನೋಡಿ.

ಈಗ ಆಗಿರುವುದನ್ನು ಸರಿಪಡಿಸೋಣ. ಬಿಲ್ಲಿಂಗ್ ಫೋಲ್ಡರಿನಲ್ಲಿ ‘ಎಲ್‌ಎಸ್ -ಎಲ್’ ಹಾಕಿ. ಒಡೆಯನ ಹೆಸರಿನ ಜಾಗದಲ್ಲಿ ಬರೀ ಒಂದು ಸಂಖ್ಯೆ, 1003 ಎಂದೋ 1004 ಎಂದೋ ಕಾಣುತ್ತದೆ. ಹೆಸರು ಹೋದರೂ ಸಂಖ್ಯೆ ಹೋಗಿಲ್ಲ. ಅದು ಅಪಾಯವೂ ಹೌದು. ಅವನೇ ಕೊನೆಗೆ ಸೇರಿದವನಾಗಿದ್ದರೆ, ನೀವು ಹೊಸಬರಿಗೆ ಖಾತೆ ತೆರೆದೊಡನೆ ಅದೇ ಸಂಖ್ಯೆ ಅವರಿಗೆ ಬಂದು, ನಿಮ್ಮ ಬಿಲ್ಲುಗಳೆಲ್ಲ ಮೊದಲ ದಿನವೇ ಅವರ ಆಸ್ತಿಯಾಗುತ್ತವೆ. ಆದ್ದರಿಂದ ಹೊಸ ಹುಡುಗನಿಗೆ ಖಾತೆ ಮಾಡುವ ಮೊದಲು ‘--ಸಿಸ್ಟಮ್’ ಬಗೆಯ ಬಿಲ್ಲಿಂಗ್ ಎಂಬ ಖಾತೆ ಮಾಡಿ. ಆ ಫೋಲ್ಡರಿನ ಮೇಲೆ ‘ಚೋನ್ -ಆರ್ --ಫ್ರಮ್=1003 ಬಿಲ್ಲಿಂಗ್’ ಓಡಿಸಿ. ಆ ಸಂಖ್ಯೆಯ ಫೈಲುಗಳು ಮಾತ್ರ ಕೈ ಬದಲಿಸುತ್ತವೆ, ಉಳಿದವನ್ನು ಮುಟ್ಟುವುದಿಲ್ಲ. ಸರ್ವಿಸ್ ಫೈಲಿನಲ್ಲಿ ಯೂಸರ್ ಸಾಲನ್ನು ಬಿಲ್ಲಿಂಗ್ ಎಂದು ತಿದ್ದಿ. ಡೀಮನ್-ರೀಲೋಡ್, ರೀಸ್ಟಾರ್ಟ್. ಕೊನೆಗೆ ‘ಫೈಂಡ್ / -ನೋಯೂಸರ್’ ಎಂದು ಕೊಟ್ಟು ಅನಾಥ ಫೈಲುಗಳು ಇನ್ನೆಲ್ಲಿವೆ ನೋಡಿ. ಪಟ್ಟಿ ಉದ್ದ ಬಂದರೆ, ಗ್ರಾಹಕರ ಹೆಸರಿರುವ ಸಾಲುಗಳನ್ನು ಪಟ್ಟಿಯಿಂದ ತೆಗೆದು ನನಗೆ ಕಳುಹಿಸಿ.